ಮುಂದಿನವರು ಇದನ್ನು ಬಿಚ್ಚಬಹುದಾ?

ಇಂಗ್ಲೆಂಡಿನ ಈ ಬೀದಿಯಲ್ಲಿ ಮೊನ್ನೆ ಒಂದು ಹಳೇ ಮಾರಿಸ್ ಮೈನರ್ ಕಾರಿಗೆ ಡಿಜಿಟಲ್ ರೇಡಿಯೊ ಕೂರಿಸುವ ಕೆಲಸ ನಡೆದಿತ್ತು. ಪಕ್ಕದ ಮನೆಯ ಅಜ್ಜ ಬಂದರು. ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಹಾಯಿಸಿ, ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದರು. ಶಬ್ದ ಹೇಗಿದೆ, ಎಷ್ಟು ಸ್ಟೇಷನ್ ಬರುತ್ತದೆ ಅಂತ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಮುಂದೆ ಈ ಕಾರು ಯಾರ ಕೈಗೆ ಹೋಗುತ್ತೋ, ಅವರು ಇದನ್ನೆಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡಬಹುದಾ?"

ಇನ್ನೂ ಹುಟ್ಟಿಯೇ ಇಲ್ಲದ ಮಾಲೀಕನ ಪರವಾಗಿ ಕೇಳಿದ ಪ್ರಶ್ನೆ ಅದು. ನಮ್ಮಲ್ಲಿ ಹಳೇ ಅಂಬಾಸಿಡರ್, ಪದ್ಮಿನಿಗಳ ಡ್ಯಾಶ್‌ಬೋರ್ಡ್ ನೋಡಿದವರಿಗೆ ಅದು ಚುರುಕ್ ಅನ್ನುತ್ತದೆ. ಕ್ಯಾಸೆಟ್ ಪ್ಲೇಯರ್ ಬಂದಾಗ ಹ್ಯಾಕ್ಸಾ ಹಿಡಿದು ತಗಡು ಕೊಯ್ದರು, ಸಿಡಿ ಬಂದಾಗ ಅದೇ ತೂತನ್ನು ಇನ್ನಷ್ಟು ಅಗಲ ಮಾಡಿದರು. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಕುಲದ್ದೇ, ಈ ಮೈನರ್‌ನ ದಾಯಾದಿ. 2014ರಲ್ಲಿ ಅದರ ತಯಾರಿಕೆ ನಿಂತೂ ಹೋಯಿತು. ಕೊಯ್ದ ಆ ತಗಡನ್ನು ಈಗ ಯಾರು ಮರಳಿ ತರುತ್ತಾರೆ? ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದೇ ಷರತ್ತಿನ ಮೇಲೆ: ಕೊರೆಯಬಾರದು, ಕೊಯ್ಯಬಾರದು, ಹಳೇ ತಂತಿಯನ್ನು ಕತ್ತರಿಸಬಾರದು.

ಮೊದಲು ಬ್ಯಾಟರಿ ನೋಡಿ. ಯಾವ ತುದಿ ಕಾರಿನ ಮೈಗೆ ಸೇರಿದೆ? ಮೈನರ್‌ಗಳು ಕಾರ್ಖಾನೆಯಿಂದ ಹೊರಬಂದಿದ್ದು ಪಾಸಿಟಿವ್ ಅರ್ತ್ ಆಗಿ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿ. ಇವತ್ತಿನ ರೇಡಿಯೊದ ಲೋಹದ ಕವಚವೂ ಏರಿಯಲ್ ಕೇಬಲ್ಲಿನ ಹೊರಜಾಲರಿಯೂ ನೆಗೆಟಿವ್. ಪಾಸಿಟಿವ್ ಅರ್ತ್ ಕಾರಿಗೆ ಅದನ್ನು ಬೋಲ್ಟ್ ಮಾಡಿದರೆ ನೇರ ಶಾರ್ಟ್. ರೇಡಿಯೊ ತಂತಿಯ ಫ್ಯೂಸ್ ಹೋದರೆ ಪುಣ್ಯ, ಇಲ್ಲವಾದರೆ ಏರಿಯಲ್ ಜಾಲರಿಯೇ ಕೆಂಪಗೆ ಕಾದು ಸುಡುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಒಳಬರುವ ಮತ್ತು ಹೊರಹೋಗುವ ಕರೆಂಟು ಪೂರ್ತಿ ಬೇರ್ಪಟ್ಟಿರುವ ಡಿಸಿ ಕನ್ವರ್ಟರ್ ಹಾಕಿ, ರೇಡಿಯೊ ಮತ್ತು ಏರಿಯಲ್ ಎರಡನ್ನೂ ಕಾರಿನ ಮೈಗೆ ತಾಗದಂತೆ ಇಡುವುದು ಒಂದು. ಇಡೀ ಕಾರನ್ನು ನೆಗೆಟಿವ್ ಅರ್ತ್‌ಗೆ ತಿರುಗಿಸುವುದು ಇನ್ನೊಂದು. ಎರಡನೆಯದೇ ಗಟ್ಟಿ, ಬೇಕೆಂದಾಗ ಹಿಂದಕ್ಕೂ ತಿರುಗಿಸಬಹುದು.

ತಿರುಗಿಸುವಾಗ ಬ್ಯಾಟರಿ ತಂತಿ ಅದಲುಬದಲು ಮಾಡಿ, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ಎರಡು ಸಣ್ಣ ತಂತಿಗಳನ್ನೂ ಅದಲುಬದಲು ಮಾಡಬೇಕು. ಇಲ್ಲವಾದರೆ ಕಿಡಿ ಬಡವಾಗುತ್ತದೆ. ಆಮೇಲೆ ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೊಗೆ ಹೊಸ ಧ್ರುವ ಕಲಿಸಬೇಕು. ಅದರ ಎರಡೂ ತಂತಿ ಬಿಚ್ಚಿ, ಬ್ಯಾಟರಿಯ ಲೈವ್ ತುದಿಯಿಂದ ಒಂದು ತಂತಿ ತಂದು, ಎಫ್ ಎಂದು ಗುರುತಿರುವ ಸಣ್ಣ ಟರ್ಮಿನಲ್‌ಗೆ ಎರಡು ಮೂರು ಸಲ ಚಕ್ ಚಕ್ ಅಂತ ಮುಟ್ಟಿಸಿ ತೆಗೆದರೆ ಸಾಕು. ನೀಲಿ ಕಿಡಿ ಹಾರುತ್ತದೆ, ಹೆದರಬೇಕಾಗಿಲ್ಲ. ಇದನ್ನು ಮರೆತರೆ ಡೈನಮೊ ಉಲ್ಟಾ ಚಾರ್ಜ್ ಮಾಡಲು ಹೋಗಿ ರೆಗ್ಯುಲೇಟರಿನ ಪಾಯಿಂಟ್‌ಗಳನ್ನು ಸುಡುತ್ತದೆ. ಸ್ಟಾರ್ಟರ್‌ಗೆ ಧ್ರುವದ ಹಂಗಿಲ್ಲ. ಆದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಒಳಗೆ ಡಯೋಡ್ ಇರುವ ಪೆಟ್ರೋಲ್ ಪಂಪ್‌ಗೆ ಇದೆ. ಅವನ್ನು ನೋಡದೆ ಬ್ಯಾಟರಿ ಜೋಡಿಸಬೇಡಿ.

ಕರೆಂಟು ಎಲ್ಲಿಂದ ತೆಗೆಯುವುದು ಅನ್ನುವುದಕ್ಕೆ ಬ್ರಿಟಿಷ್ ಕಾರುಗಳಲ್ಲಿ ತಂತಿಯ ಬಣ್ಣವೇ ಉತ್ತರ. ನೇರಳೆ ಅಂದರೆ ಯಾವಾಗಲೂ ಲೈವ್, ಫ್ಯೂಸ್ ದಾಟಿ ಬಂದದ್ದು. ಹಸಿರು ಅಂದರೆ ಕೀಲಿ ತಿರುಗಿಸಿದಾಗ ಮಾತ್ರ ಲೈವ್. ರೇಡಿಯೊದ ಹಳದಿ ತಂತಿ ನೇರಳೆಗೆ, ಕೆಂಪು ಹಸಿರಿಗೆ. ಕಾರಿನ ಹಳೇ ಫ್ಯೂಸ್ 35 ಆಂಪಿಯರ್‌ನದು, ಅದು ರೇಡಿಯೊವನ್ನು ಕಾಯುವುದಿಲ್ಲ. ಹಳದಿ ತಂತಿಗೆ ಬೇರೆಯೇ 10 ಆಂಪಿಯರ್ ಫ್ಯೂಸ್ ಹಾಕಿ. ತಂತಿಯ ಹೊದಿಕೆಯನ್ನೇ ಕಚ್ಚುವ ನೀಲಿ ಕ್ಲಿಪ್‌ಗಳನ್ನು ಮುಟ್ಟಲೇಬೇಡಿ. ಅವು ಒಳಗಿನ ತಾಮ್ರದ ಎಳೆ ಕತ್ತರಿಸುತ್ತವೆ, ಎರಡು ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಒಂದರ ಬೆನ್ನ ಮೇಲೆ ಇನ್ನೊಂದು ಕೂರುವ ಪಿಗ್ಗಿಬ್ಯಾಕ್ ಟರ್ಮಿನಲ್ ಹಾಕಿದರೆ ಎಳೆದರೆ ಬರುತ್ತದೆ, ಗುರುತೂ ಉಳಿಯುವುದಿಲ್ಲ.

ಸ್ಪೀಕರ್ ವಿಷಯ ಚಿಕ್ಕದು, ಆದರೆ ರೇಡಿಯೊ ಸಾಯುವುದು ಹೆಚ್ಚಾಗಿ ಇಲ್ಲೇ. ಹಳೇ ಕಾರುಗಳಲ್ಲಿ ಸ್ಪೀಕರಿನ ಒಂದು ತಂತಿ ಕಾರಿನ ಮೈಗೆ ಸೇರಿರುತ್ತಿತ್ತು. ಇಂದಿನ ರೇಡಿಯೊದೊಳಗಿನ ಆಂಪ್ಲಿಫಯರ್‌ನಿಂದ ಸ್ಪೀಕರಿಗೆ ಹೋಗುವ ಎರಡೂ ತಂತಿ ಲೈವ್, ಯಾವುದೂ ಅರ್ತ್‌ಗೆ ತಾಗಬಾರದು. ಸ್ಪೀಕರಿಗೆ ಜಾಗ ಒಂದೇ ಇದ್ದರೆ ಎರಡು ಕಾಯಿಲ್‌ಗಳಿರುವ ಸ್ಪೀಕರ್ ತನ್ನಿ. ಎಡ ಬಲ ಎರಡನ್ನೂ ಒಂದೇ ಸ್ಪೀಕರಿಗೆ ಹೆಣೆಯಬೇಡಿ. ರೇಡಿಯೊ ಪೆಟ್ಟಿಗೆಗೆ 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರದ ಕಿಂಡಿ ಬೇಕು. ಅದನ್ನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಸಾಮಾನು ಇಡುವ ಪಾರ್ಸೆಲ್ ಶೆಲ್ಫಿನ ಕೆಳಗೆ ತೂಗುಹಾಕಿದ ಬ್ರಾಕೆಟ್‌ನಲ್ಲಿ ಮಾಡಿಕೊಳ್ಳಿ, ಡ್ಯಾಶ್‌ಬೋರ್ಡಿನಲ್ಲಲ್ಲ.

ಇನ್ನು ಏರಿಯಲ್. ಜನ ರೇಡಿಯೊ ಕೆಟ್ಟದ್ದು ಅನ್ನುವಾಗ ಹೆಚ್ಚಾಗಿ ಕೆಟ್ಟಿರುವುದು ಏರಿಯಲ್‌ನ ಅರ್ತ್. ಬ್ರಿಟನ್ನಿನ ಡಿಎಬಿ, ಅಂದರೆ ಅಲ್ಲಿನ ಡಿಜಿಟಲ್ ರೇಡಿಯೊ ಪ್ರಸಾರ, ಇರುವುದು ಬ್ಯಾಂಡ್ ಮೂರು ಎಂಬ ಆವರ್ತನಗಳ ಪಟ್ಟಿಯಲ್ಲಿ. ಬಿಬಿಸಿಯ ರಾಷ್ಟ್ರೀಯ ವಾಹಿನಿಗಳು 225.648 ಮೆಗಾಹರ್ಟ್ಸ್‌ನಲ್ಲಿವೆ. ಅಲ್ಲಿ ತರಂಗದ ಕಾಲು ಭಾಗ ಸುಮಾರು 33 ಸೆಂ.ಮೀ. ಅಂದರೆ 33 ಸೆಂ.ಮೀ.ಯ ನೆಟ್ಟಗಿನ ಕಡ್ಡಿ, ಅದರ ಬುಡದಲ್ಲಿ ಅಷ್ಟೇ ಹರವಿನ ಲೋಹ, ಇಷ್ಟಿದ್ದರೆ ಏರಿಯಲ್ ಆಯಿತು. ಪ್ರಸಾರ ನೆಟ್ಟಗಿನ ಧ್ರುವೀಕರಣದ್ದು, ಆದ್ದರಿಂದ ಕಡ್ಡಿಯೂ ನೆಟ್ಟಗೇ ಇರಬೇಕು. ಫೈಬರ್‌ಗ್ಲಾಸ್ ಮೈಯ ಕಾರಾದರೆ ಬುಡದಲ್ಲಿ ಲೋಹವೇ ಇಲ್ಲ, ಒಳಗಿನಿಂದ ತಾಮ್ರದ ಹಾಳೆ ಅಂಟಿಸಬೇಕು.

ರಂಧ್ರ ಕೊರೆಯದೆ ಆಗಬೇಕೆಂದರೆ ಗಾಜಿಗೆ ಅಂಟಿಸುವ ಫಿಲ್ಮ್ ಏರಿಯಲ್ ಸರಿ. ಹಳೇ ಕಾರಿನ ಗಾಜಿನಲ್ಲಿ ಲೋಹದ ಲೇಪನ ಇರುವುದಿಲ್ಲ, ಅದು ನಮ್ಮ ಅದೃಷ್ಟ. ಆದರೆ ಫಿಲ್ಮಿನ ಜೊತೆ ಬರುವ ಪುಟ್ಟ ಅರ್ತ್ ಪಟ್ಟಿಯನ್ನು ಜನ ಬಣ್ಣದ ಮೇಲೇ ಅಂಟಿಸಿಬಿಡುತ್ತಾರೆ. ಹಾಗಂತ ಗಾಜಿನ ಪಕ್ಕದ ಕಂಬದ ಬಣ್ಣ ಕೆರೆಯಲೂ ಮನಸ್ಸು ಬರುವುದಿಲ್ಲ. ಸನ್ ವೈಸರಿನ ಸ್ಕ್ರೂ ಒಂದನ್ನು ಬಿಚ್ಚಿ ನೋಡಿ. ಅದರ ತಲೆ ಕೂತ ಜಾಗದಲ್ಲಿ ಬಣ್ಣ ಆಗಲೇ ಸವೆದು, ನಾಲ್ಕಾಣೆಗಿಂತ ಚಿಕ್ಕದೊಂದು ಉಂಗುರದಷ್ಟು ಬೆಳ್ಳಗಿನ ಉಕ್ಕು ಕಾಣುತ್ತದೆ. ಬೇಕಾಗಿರುವುದು ಅದೇ. 20 ಮಿ.ಮೀ. ಅಗಲದ ತಾಮ್ರದ ಪಟ್ಟಿಯನ್ನು ಫಿಲ್ಮ್ ಏರಿಯಲ್‌ಗೇ ಸೇರಿದ ಪುಟ್ಟ ಆಂಪ್ಲಿಫಯರ್‌ನಿಂದ ಆ ಸ್ಕ್ರೂ ಅಡಿಗೆ ತಂದು, ಹಲ್ಲಿರುವ ವಾಷರ್ ಇಟ್ಟು ಬಿಗಿದು, ಮೇಲೆ ಒಂದು ಚೂರು ಗ್ರೀಸ್ ಹಚ್ಚಿ. ಪಟ್ಟಿ 5 ಸೆಂ.ಮೀ. ದಾಟದಿರಲಿ. 10 ಸೆಂ.ಮೀ.ಯ ಸಪೂರ ತಂತಿ ಮೀಟರಿನಲ್ಲಿ ಸೊನ್ನೆ ಓಮ್ ತೋರಿಸಿದರೂ, ಈ ಆವರ್ತನದಲ್ಲಿ ಅದು ಅರ್ತ್ ಅಲ್ಲ, ಇನ್ನೊಂದು ಏರಿಯಲ್. ರೇಡಿಯೊದ ಮೆನುವಿನಲ್ಲಿ ಏರಿಯಲ್ ಪವರ್ ಆನ್ ಮಾಡುವುದನ್ನೂ ಮರೆಯಬೇಡಿ, ಆಂಪ್ಲಿಫಯರ್‌ಗೆ ಕರೆಂಟು ಅದೇ ಕೇಬಲ್ಲಿನಲ್ಲಿ ಹೋಗುತ್ತದೆ.

ಎಂಜಿನ್ ಶುರುವಾದ ಮೇಲೆ ಸ್ಟೇಷನ್ ಮಾಯವಾದರೆ ಕಾರಣ ಕಿಡಿಯ ಗದ್ದಲ. ಮೀಡಿಯಂ ವೇವ್‌ನಲ್ಲಿ ಅದು ಟಕಟಕ ಅಂತ ಕೇಳಿಸುತ್ತದೆ. ಡಿಎಬಿಯಲ್ಲಿ ಕೇಳಿಸುವುದಿಲ್ಲ, ಧ್ವನಿ ನೀರೊಳಗಿಂದ ಬಂದ ಹಾಗೆ ಗುಳುಗುಳು ಅಂದು ನಿಂತೇ ಹೋಗುತ್ತದೆ. ತಾಮ್ರದ ಪ್ಲಗ್ ತಂತಿ ತೆಗೆದು ಕಾರ್ಬನ್ ತಂತಿ ಹಾಕಿ, ಅಥವಾ 5 ಕಿಲೊಓಮ್ ಪ್ರತಿರೋಧವಿರುವ ಪ್ಲಗ್ ಕ್ಯಾಪ್ ಹಾಕಿ. ಕಾಯಿಲಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೇಕು, ಕರೆಂಟು ಬರುವ ತುದಿಗೆ ಮಾತ್ರ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಕಡೆಯ ತುದಿಗೆ ಹಾಕಿದರೆ ಎಂಜಿನ್ನೇ ಮುಗ್ಗರಿಸುತ್ತದೆ. ಡೈನಮೊದಲ್ಲಾದರೆ ಕೆಪಾಸಿಟರನ್ನು ಡಿ ಎಂದು ಗುರುತಿರುವ ಟರ್ಮಿನಲ್‌ಗೆ ಹಾಕಿ, ಎಫ್‌ಗೆ ಎಂದೂ ಬೇಡ. ಇಷ್ಟಾದರೂ ಸರಿಹೋಗದಿದ್ದರೆ ಫೋನ್ ಚಾರ್ಜರ್ ಕಿತ್ತು ನೋಡಿ. ಅಗ್ಗದ ಯುಎಸ್‌ಬಿ ಚಾರ್ಜರ್ ಮತ್ತು ಎಲ್‌ಇಡಿ ಬಲ್ಬುಗಳು ಹಳೇ ಕಾಯಿಲಿಗಿಂತ ದೊಡ್ಡ ಶತ್ರುಗಳು.

ತೆಗೆದಿಟ್ಟ ಹಳೇ ಸ್ಕ್ರೂ, ಹಳೇ ಪ್ಲಗ್ ತಂತಿ ಎಲ್ಲವನ್ನೂ ಒಂದು ಬಿಸ್ಕತ್ ಡಬ್ಬಿಗೆ ಹಾಕಿ, ಯಾವ ತಂತಿ ಎಲ್ಲಿತ್ತು ಎಂದು ಬರೆದ ಚೀಟಿಯನ್ನೂ ಇಟ್ಟು, ಕಾರಿನ ಜೊತೆಗೇ ಇಡಿ. ಅಜ್ಜನ ಪ್ರಶ್ನೆಗೆ ಪೂರ್ತಿ ಉತ್ತರ ಆ ಡಬ್ಬಿ.

ಬಾನೆಟ್ ಪಕ್ಕದ ಹಳೇ ಉದ್ದ ಏರಿಯಲ್ಲನ್ನು ಮಾತ್ರ ಡಬ್ಬಿಗೆ ಹಾಕಬೇಡಿ, ಇದ್ದಲ್ಲೇ ಇರಲಿ. ಭಾರತ ಡಿಜಿಟಲ್ ರೇಡಿಯೊಗೆ ಡಿಎಬಿ ದಾರಿ ಹಿಡಿಯಲಿಲ್ಲ, ಮೀಡಿಯಂ ವೇವ್‌ನಲ್ಲೇ ಓಡುವ ಡಿಆರ್‌ಎಂ ಎಂಬ ಇನ್ನೊಂದು ಡಿಜಿಟಲ್ ಪದ್ಧತಿ ಹಿಡಿಯಿತು. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದರ ಮುಂದೆ ಒಂದು ಮೀಟರ್ ಕಡ್ಡಿಯೂ ಹುಲ್ಲುಕಡ್ಡಿ. ಅದಕ್ಕೇ ಹಳೇ ಏರಿಯಲ್ ಕೇಬಲ್ಲಿನ ಒಳಗೆ ಕೂದಲಿನಂಥ ತಂತಿ, ಸುತ್ತ ಬರೀ ಗಾಳಿ: ಸಿಕ್ಕ ಚೂರು ಸಂಕೇತ ದಾರಿಯಲ್ಲಿ ಸೋರಿಹೋಗದಿರಲಿ ಅಂತ. ಬೆಳಗಿನ ಪ್ರದೇಶ ಸಮಾಚಾರಕ್ಕೆ ಏರಿಯಲ್ಲಿನ ಕೊನೆಯ ಗೆಣ್ಣನ್ನೂ ಎಳೆದು ನಿಲ್ಲಿಸುತ್ತಿದ್ದ ಡ್ರೈವರುಗಳಿಗೆ ಈ ಲೆಕ್ಕ ಕೈಗೇ ಗೊತ್ತಿತ್ತು. ಈ ಕಾರು ಎಂದಾದರೂ ಹಡಗು ಹತ್ತಿ ನಮ್ಮ ಕಡೆ ಬಂದರೆ ಹೊಸ ರೇಡಿಯೊದ ಡಿಎಬಿ ಮೂಕ. ಆಗ ಸನ್ ವೈಸರಿನ ಆ ಒಂದು ಸ್ಕ್ರೂ ಬಿಚ್ಚಿ ಫಿಲ್ಮ್ ತೆಗೆದು, ಡಿಆರ್‌ಎಂ ರೇಡಿಯೊ ತಂದು, ಅದರ ಬೆನ್ನಿಗೆ ಈ ಹಳೇ ಕೇಬಲ್ಲನ್ನೇ ಚುಚ್ಚಬಹುದು.