ರಾಜಕೀಯ ಎದುರಾಳಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ರಾಜಕೀಯದ ಕಾರಣಕ್ಕೆ ಮಾತು ಬಿಟ್ಟ ಸ್ನೇಹಿತರ ಬಗ್ಗೆ, ಎದುರು ಪಕ್ಷಕ್ಕೆ ಮತ ಹಾಕಿದವರನ್ನೆಲ್ಲ ಮೂರ್ಖರೆಂದೋ ದ್ರೋಹಿಗಳೆಂದೋ ಜರೆಯುವ ಚರ್ಚೆಗಳ ಬಗ್ಗೆ ಮರುಗುವ ಬರಹಗಳು ಸಾಮಾನ್ಯವಾಗಿ ಒಂದೇ ಪರಿಹಾರಕ್ಕೆ ಬಂದು ನಿಲ್ಲುತ್ತವೆ: ಎರಡೂ ಕಡೆಯವರು ಎದುರುಬದುರು ಕುಳಿತು ಮನಬಿಚ್ಚಿ ಮಾತನಾಡಬೇಕು. ಸಲಹೆ ಒಳ್ಳೆಯದೇ ಆದರೂ, ಅದು ನಂಬಿಕೆಯನ್ನು ಸ್ನೇಹದೊಂದಿಗೆ ಬೆರೆಸಿಬಿಡುತ್ತದೆ ಎಂಬುದು ನನ್ನ ತಕರಾರು. ಪ್ರಜಾಪ್ರಭುತ್ವ ನಮ್ಮಿಂದ ಬಯಸುವ ನಂಬಿಕೆ ಸ್ನೇಹಕ್ಕಿಂತ ಬಹಳ ಕಡಿಮೆಯದು. ಇಂದು ಗೆದ್ದವರು ಅವಧಿ ಮುಗಿದಾಗ ಚುನಾವಣೆ ನಡೆಸುತ್ತಾರೆ, ಸೋತರೆ ಕುರ್ಚಿ ಬಿಡುತ್ತಾರೆ, ಅಧಿಕಾರದಲ್ಲಿರುವಷ್ಟು ಕಾಲ ತಮ್ಮನ್ನು ವಿರೋಧಿಸಿದವರ ಮೇಲೆ ಪೊಲೀಸರನ್ನು ಛೂ ಬಿಡುವುದಿಲ್ಲ ಎಂಬಷ್ಟು ಭರವಸೆ ಇದ್ದರೆ ಸಾಕು.

ಎದುರಾಳಿಗಳ ಮಾತು ಕಿವಿಗೆ ಬಿದ್ದ ಮಾತ್ರಕ್ಕೆ ಈ ಭರವಸೆ ಹುಟ್ಟುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಕ್ರಿಸ್ ಬೇಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು, ಎದುರು ಪಾಳೆಯದ ಅಭಿಪ್ರಾಯಗಳನ್ನು ಹಂಚುವ ಖಾತೆಯೊಂದನ್ನು ಒಂದು ತಿಂಗಳು ಹಿಂಬಾಲಿಸುವಂತೆ ಮಾಡಲಾಯಿತು. ತಿಂಗಳ ಕೊನೆಗೆ ರಿಪಬ್ಲಿಕನ್ನರು ತಮ್ಮ ಹಳೆಯ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾಗಿದ್ದರು, ಡೆಮಾಕ್ರಾಟರೂ ಮೆತ್ತಗಾಗಲಿಲ್ಲ. ನನಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಎದುರಾಳಿ ಏನು ಹೇಳುತ್ತಾನೆ ಎಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಅವನು ಹೇಳಿದಂತೆ ನಡೆಯುತ್ತಾನೆಯೇ ಎಂಬುದಷ್ಟೇ ನಮ್ಮ ಅನುಮಾನ.

ಆ ಅನುಮಾನವನ್ನು ಹೇಗೆ ನಿಭಾಯಿಸಬಹುದು ಎಂಬುದಕ್ಕೆ ನಾನು ಮತ್ತೆ ಮತ್ತೆ ಮರಳುವ ಉದಾಹರಣೆ ಉತ್ತರ ಐರ್ಲೆಂಡ್. ಬ್ರಿಟನ್ನಿನೊಂದಿಗೆ ಉಳಿಯಬೇಕೆನ್ನುವ ಯೂನಿಯನಿಸ್ಟರಿಗೂ ಐರ್ಲೆಂಡ್ ಒಂದಾಗಬೇಕೆನ್ನುವ ರಾಷ್ಟ್ರೀಯವಾದಿಗಳಿಗೂ ನಡುವಿನ ಮೂರು ದಶಕಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಮೇಲೆ, 1998ರ ಏಪ್ರಿಲ್‌ನಲ್ಲಿ ಎರಡೂ ಕಡೆಯವರು ಅಧಿಕಾರ ಹಂಚಿಕೊಳ್ಳುವ ಗುಡ್ ಫ್ರೈಡೇ ಶಾಂತಿ ಒಪ್ಪಂದವಾಯಿತು. ಸಹಿ ಬಿದ್ದರೂ ನಂಬಿಕೆ ಬರಲಿಲ್ಲ. ಐರ್ಲೆಂಡ್ ಒಂದಾಗಬೇಕೆಂದು ಸಶಸ್ತ್ರ ಹೋರಾಟ ನಡೆಸಿದ ಐಆರ್‌ಎ (ಐರಿಶ್ ರಿಪಬ್ಲಿಕನ್ ಆರ್ಮಿ) ತನ್ನ ಶಸ್ತ್ರಗಳನ್ನು ನಿಜವಾಗಿಯೂ ಕೈಬಿಟ್ಟಿದೆಯೇ ಎಂಬ ಪ್ರಶ್ನೆ ಏಳು ವರ್ಷ ಮತ್ತೆ ಮತ್ತೆ ಅಡ್ಡಬಂತು. ಯೂನಿಯನಿಸ್ಟ್ ನಾಯಕ ಇಯಾನ್ ಪೇಸ್ಲಿ ಛಾಯಾಚಿತ್ರದ ಪುರಾವೆ ಕೇಳಿದರು. ಐಆರ್‌ಎ ಅದನ್ನು ಅವಮಾನವೆಂದು ತಳ್ಳಿಹಾಕಿತು, ಏಕೆಂದರೆ ಅಂಥ ಚಿತ್ರ ಮರುದಿನವೇ ಶರಣಾಗತಿಯ ಚಿತ್ರವಾಗಿ ಊರೂರು ಸುತ್ತುತ್ತಿತ್ತು.

ಕೊನೆಗೆ ಕಂಡುಕೊಂಡ ದಾರಿ ನನಗೆ ಬಹಳ ಜಾಣತನದ್ದೆನಿಸುತ್ತದೆ. ಕೆನಡಾದ ಜನರಲ್ ಜಾನ್ ಡಿ ಶಾಸ್ಟಲೇನ್ ಮುಖ್ಯಸ್ಥರಾಗಿದ್ದ ಸ್ವತಂತ್ರ ಆಯೋಗವು ಶಸ್ತ್ರಗಳನ್ನು ನಿರುಪಯುಕ್ತಗೊಳಿಸುವ ಕೆಲಸದ ಮೇಲ್ವಿಚಾರಣೆ ನಡೆಸಿತು. ಅದಕ್ಕೆ ಸಾಕ್ಷಿಗಳಾಗಿ ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್ ಮತ್ತು ಮೆಥಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್, ಎಂದರೆ ರಾಷ್ಟ್ರೀಯವಾದಿಗಳು ಹೆಚ್ಚಾಗಿರುವ ಕ್ಯಾಥೊಲಿಕ್ ಮತ್ತು ಯೂನಿಯನಿಸ್ಟರು ಹೆಚ್ಚಾಗಿರುವ ಪ್ರಾಟೆಸ್ಟಂಟ್ ಸಮುದಾಯಗಳಿಂದ ಒಬ್ಬೊಬ್ಬರು, ನಿಂತರು. 2005ರ ಸೆಪ್ಟೆಂಬರ್‌ನಲ್ಲಿ ಕೆಲಸ ಮುಗಿಯಿತೆಂಬ ಘೋಷಣೆ ಬಂತು. ಪುರಾವೆ ಸಿಕ್ಕಿತು, ಆದರೆ ಅದನ್ನು ಕೊಟ್ಟವರು ತಲೆ ತಗ್ಗಿಸಬೇಕಾಗಿ ಬರಲಿಲ್ಲ. ಪೇಸ್ಲಿಗೆ ಅಷ್ಟರಿಂದಲೇ ಸಮಾಧಾನವಾಗಲಿಲ್ಲ ಎಂಬುದೂ ನಿಜ. ಹಿಂದೆ ಐಆರ್‌ಎ ಜೊತೆ ಗುರುತಿಸಿಕೊಂಡಿದ್ದ ಶಿನ್ ಫೇನ್ ಪಕ್ಷವು 2007ರ ಜನವರಿಯಲ್ಲಿ ಪೊಲೀಸ್ ವ್ಯವಸ್ಥೆಗೆ ಬೆಂಬಲ ಸೂಚಿಸಿದ ಮೇಲೆಯೇ, ಅದೇ ಮೇ ತಿಂಗಳಲ್ಲಿ ಪೇಸ್ಲಿ ಮತ್ತು ಐಆರ್‌ಎಯ ಹಳೆಯ ಕಮಾಂಡರ್ ಮಾರ್ಟಿನ್ ಮೆಗಿನಿಸ್ ಒಂದೇ ಸರ್ಕಾರದ ಮುಖ್ಯಸ್ಥರಾದರು. ಇಬ್ಬರೂ ಒಟ್ಟಿಗೆ ನಗುತ್ತಿರುವ ಚಿತ್ರಗಳನ್ನು ಜನ ಈಗಲೂ ನೆನೆಯುತ್ತಾರೆ. ಆ ನಗುವಿನ ಹಿಂದೆ ಒಂಬತ್ತು ವರ್ಷಗಳ ತಪಾಸಣೆ ಇತ್ತೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

ಶಸ್ತ್ರಗಳಿಲ್ಲದ ಸಾಮಾನ್ಯ ರಾಜಕೀಯದಲ್ಲಿ ಇಂಥ ಪುರಾವೆ ಯಾವುದು? ನನ್ನ ಅಭಿಪ್ರಾಯದಲ್ಲಿ, ತನ್ನ ಕಡೆಯವರನ್ನು ಎಲ್ಲರೆದುರು ತಿದ್ದುವುದು. 2008ರ ಅಕ್ಟೋಬರ್‌ನಲ್ಲಿ ಮಿನೆಸೋಟಾದ ಚುನಾವಣಾ ಸಭೆಯೊಂದರಲ್ಲಿ ಬೆಂಬಲಿಗರೊಬ್ಬರು ಒಬಾಮಾ ಅವರನ್ನು ಅರಬ್ ಎಂದಾಗ, ಅಧ್ಯಕ್ಷ ಸ್ಥಾನಕ್ಕೆ ಒಬಾಮಾ ವಿರುದ್ಧ ಸ್ಪರ್ಧಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಧ್ವನಿವರ್ಧಕವನ್ನು ಹಿಂದಕ್ಕೆ ಪಡೆದು, ಹಾಗಲ್ಲ, ಆತ ಸಭ್ಯ ಗೃಹಸ್ಥ, ನಮ್ಮಿಬ್ಬರ ನಡುವೆ ಇರುವುದು ಮೂಲಭೂತ ವಿಷಯಗಳ ಬಗೆಗಿನ ಭಿನ್ನಾಭಿಪ್ರಾಯ ಎಂಬರ್ಥದಲ್ಲಿ ಉತ್ತರಿಸಿದರು. (ಅರಬ್ ಆಗಿರುವುದಕ್ಕೂ ಸಭ್ಯನಾಗಿರುವುದಕ್ಕೂ ವಿರೋಧವಿದೆಯೆಂಬಂತೆ ಧ್ವನಿಸುವ ಆ ಉತ್ತರದಲ್ಲಿ ಕುಂದಿಲ್ಲವೆಂದೇನೂ ನಾನು ಹೇಳುವುದಿಲ್ಲ.) ಅದೇ ಸಭೆಯಲ್ಲಿ ಒಬಾಮಾ ಬಗ್ಗೆ ಹೆದರಬೇಕಿಲ್ಲ ಎಂದುದಕ್ಕೆ ಅವರದೇ ಜನ ಅವರನ್ನು ಕೂಗಿ ಮೂದಲಿಸಿದ್ದರು. ಆ ಮಾತಿಗೆ ತೂಕ ಬಂದಿದ್ದು ಅದರಿಂದಲೇ. ಎದುರಾಳಿಯ ತಪ್ಪನ್ನು ಎತ್ತಿ ಆಡುವುದಕ್ಕೆ ಯಾವ ಖರ್ಚೂ ಇಲ್ಲವಾದ್ದರಿಂದ, ನೂರು ಸಲ ಎತ್ತಿ ಆಡಿದರೂ ಅದರಿಂದ ಆಡಿದವನ ನಿಜಾಯಿತಿ ಏನೂ ತಿಳಿಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಬೇಕು. ಎರಡೂ ಕಡೆ ಸಮಾನ ತಪ್ಪಿತಸ್ಥರು ಎಂಬಂತೆ ಮಾತನಾಡುವುದು ಅನೇಕ ವೇಳೆ ಸುಳ್ಳಾಗುತ್ತದೆ, ಪೆಟ್ಟು ತಿಂದವರಿಗೇ ಮೊದಲು ನಂಬಿ ಎನ್ನುವುದು ಅನ್ಯಾಯವಾಗುತ್ತದೆ. ಒಪ್ಪುತ್ತೇನೆ. ಅದಕ್ಕಾಗಿಯೇ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಮೊದಲ ಪುರಾವೆ ಕೊಡಬೇಕು ಎಂದು ನಾನು ಭಾವಿಸುತ್ತೇನೆ: ಲೆಕ್ಕಪರಿಶೋಧಕರು, ನ್ಯಾಯಾಲಯ, ಚುನಾವಣಾ ಅಧಿಕಾರಿಗಳು ತಮಗೆ ಇಷ್ಟವಿಲ್ಲದ ತೀರ್ಮಾನ ಕೊಟ್ಟಾಗಲೂ ಅವರನ್ನು ಅವರ ಪಾಡಿಗೆ ಬಿಡುವುದು ಆ ಪುರಾವೆಗಳಲ್ಲಿ ಮುಖ್ಯವಾದದ್ದು.

ಹೀಗೆ ಕಟ್ಟಿದ ನಂಬಿಕೆ ಶಾಶ್ವತವೇನಲ್ಲ. ಉತ್ತರ ಐರ್ಲೆಂಡ್‌ನಲ್ಲಿ ಪ್ರಥಮ ಮಂತ್ರಿ ಮತ್ತು ಉಪ ಪ್ರಥಮ ಮಂತ್ರಿಗಳ ಅಧಿಕಾರ ಸರಿಸಮಾನವಾಗಿದ್ದು, ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಸ್ಥಾನ ಕಳೆದುಕೊಳ್ಳುತ್ತಾರೆ. 2017ರಲ್ಲಿ ಒಂದು ಕಡೆಯವರು, 2022ರಲ್ಲಿ ಇನ್ನೊಂದು ಕಡೆಯವರು ಇದೇ ನಿಯಮ ಬಳಸಿ ಸರ್ಕಾರ ಉರುಳಿಸಿದರು. ಎರಡು ಸಲವೂ ವರ್ಷಗಟ್ಟಲೆ ಆಡಳಿತ ನಿಂತಿತು. 2024ರ ಫೆಬ್ರವರಿಯಲ್ಲಿ ಅದು ಮತ್ತೆ ಆರಂಭವಾದಾಗ ಶಿನ್ ಫೇನ್‌ನ ಮಿಶೆಲ್ ಓನೀಲ್ ಪ್ರಥಮ ಮಂತ್ರಿಯಾದರು, ಪೇಸ್ಲಿ ಸ್ಥಾಪಿಸಿದ ಪಕ್ಷದ ಎಮಾ ಲಿಟ್ಲ್-ಪೆಂಗೆಲಿ ಉಪ ಪ್ರಥಮ ಮಂತ್ರಿಯಾದರು. ಆ ನಿಯಮವನ್ನು ಬದಲಿಸಬೇಕೆನ್ನುವವರ ವಾದದಲ್ಲಿ ಹುರುಳಿದೆ. ಆದರೂ ಇದೇ ನಿಯಮ ಇಲ್ಲದಿದ್ದರೆ 1998ರಲ್ಲಿ ಎರಡು ಕಡೆಯವರೂ ಒಪ್ಪಂದದ ಮೇಜಿಗೆ ಬರುತ್ತಿದ್ದರೆಂದು ನನಗನ್ನಿಸುವುದಿಲ್ಲ.