ಕಕ್ಕಡದ ಮಳೆಗೆ ಕೈಕೊಡುವ ಪವರ್ ವಿಂಡೋ: ಮೋಟಾರ್ ಕೊಳ್ಳುವ ಮೊದಲು

ಮಡಿಕೇರಿ, ಭಾಗಮಂಡಲದ ಕಡೆ ಓಡಾಡುವ ಹಳೆಯ ಫೋರ್ ವೀಲ್ ಗಾಡಿಯ ಪವರ್ ವಿಂಡೋ, ಅಂದರೆ ಬಟನ್ ಒತ್ತಿ ಏರಿಳಿಸುವ ಗಾಜು, ಕಕ್ಕಡದ (ಕೊಡಗಿನ ಜುಲೈ–ಆಗಸ್ಟ್ ಮಳೆ ತಿಂಗಳು) ಮಳೆಯಲ್ಲಿ ಅರ್ಧಕ್ಕೆ ನಿಂತರೆ ಸಿಗುವ ಸಲಹೆ ಒಂದೇ: ‘ಮೋಟಾರ್ ಹೋಗಿದೆ, ಹೊಸದು ಹಾಕ್ಸಿ.’ ಬಹಳ ಸಲ ಮೋಟಾರ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಕರೆಂಟ್ ಬರುವ ದಾರಿ, ಇಲ್ಲವೇ ಗಾಜು ಜಾರುವ ದಾರಿ. (ಜಿಪ್ಸಿಯಂತೆ ಗಾಜನ್ನು ಕೈಯಲ್ಲೇ ತಿರುಗಿಸುವ ಗಾಡಿಯವರು ಇಲ್ಲಿಗೇ ನಿಲ್ಲಿಸಿ ಕಾಫಿ ಕುಡಿಯಬಹುದು.)

ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಒಳಗಿನ ದೀಪ ಹಾಕಿ ಬಟನ್ ಒತ್ತಿ. ದೀಪ ಮಂಕಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಏನೋ ಬಿಗಿಹಿಡಿದಿದೆ. ದೀಪ ಹಾಗೇ ಇದ್ದರೆ ದಾರಿ ಎಲ್ಲೋ ಕಡಿದಿದೆ: ಫ್ಯೂಸ್, ಸ್ವಿಚ್, ವೈರ್ ಅಥವಾ ಮೋಟಾರಿನ ಕಾರ್ಬನ್ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು). ಮೋಟಾರ್ ಗುಯ್‌ಗುಟ್ಟಿದರೂ ಗಾಜು ಕದಲದಿದ್ದರೆ ಗ್ಲಾಸ್ ಮಷಿನ್ನಿನ (ಗಾಜನ್ನು ಎತ್ತಿಳಿಸುವ ಜೋಡಣೆ) ಕೇಬಲ್ ತುಂಡಾಗಿದೆ, ಇಲ್ಲವೇ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ. ನಾಲ್ಕೂ ಗಾಜು ನಿಂತಿದ್ದರೆ ಡೋರ್ ಬಿಚ್ಚಲೇಬೇಡಿ. ಫ್ಯೂಸ್ (ಸಾಮಾನ್ಯವಾಗಿ 20ರಿಂದ 30 ಆಂಪ್), ರಿಲೇ, ಕಾಲಿಡುವ ಜಾಗದ ಪಕ್ಕದ ಅರ್ತ್ ಬೋಲ್ಟ್ (ಕರೆಂಟ್ ಬಾಡಿಯ ಮೂಲಕ ವಾಪಸಾಗಲು ವೈರ್ ಬಿಗಿದ ಜಾಗ) ನೋಡಿ. ಒದ್ದೆ ಮ್ಯಾಟಿನಡಿ ಆ ಬೋಲ್ಟ್ ತುಕ್ಕು ಹಿಡಿಯುವುದು ನಮ್ಮ ಕಡೆ ಮಾಮೂಲು.

ನಾನು ಮೊದಲು ಅನುಮಾನಿಸುವ ಜಾಗ ಡ್ರೈವರ್ ಡೋರಿಗೂ ಬಾಡಿಗೂ ನಡುವಿನ ಸುಕ್ಕುಸುಕ್ಕು ರಬ್ಬರ್ ಕೊಳವೆ. ದಿನಕ್ಕೆ ಹತ್ತಾರು ಸಲ ತೆಗೆದು ಹಾಕುವ ಬಾಗಿಲು ಅದೇ ತಾನೇ. ಕೊಳವೆ ಹಿಂದಕ್ಕೆ ಸರಿಸಿ, ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ಮೇಲಿನ ಪ್ಲಾಸ್ಟಿಕ್ ರಬ್ಬರ್‌ಬ್ಯಾಂಡಿನಂತೆ ಹಿಗ್ಗಿದರೆ ಒಳಗಿನ ತಾಮ್ರ ತುಂಡಾಗಿದೆ ಎಂದೇ ಅರ್ಥ. ಹೊರಗಿನಿಂದ ಏನೂ ಕಾಣದು. ಅಲ್ಲೇ ತಿರುಚಿ ಟೇಪ್ ಸುತ್ತಿದರೆ ಮಡಚುವ ಜಾಗದಲ್ಲೇ ಮತ್ತೆ ಕಡಿಯುತ್ತದೆ. ಹಳೆಯ ವೈರಿನಷ್ಟೇ ದಪ್ಪದ, ಸಣ್ಣ ಎಳೆಗಳ ಮೆತ್ತನೆ ವೈರ್ ಒಂದು ಗೇಣು ಸೇರಿಸಿ, ಒಂದು ಜಾಯಿಂಟ್ ಡೋರಿನೊಳಗೆ, ಇನ್ನೊಂದು ಕ್ಯಾಬಿನ್ನಿನೊಳಗೆ ಬರುವಂತೆ ಬೆಸುಗೆ ಹಾಕಿ ಸ್ಲೀವ್ ಏರಿಸಿ. ಎಲ್ಲ ಜಾಯಿಂಟೂ ಒಂದೇ ಕಡೆ ಬಂದರೆ ಗಂಟು ಕೊಳವೆಯೊಳಗೆ ತೂರದು.

ಎಡಗಡೆ ಗಾಜು ನಿಂತರೂ ತಪ್ಪು ಡ್ರೈವರ್ ಬಳಿಯ ಮಾಸ್ಟರ್ ಸ್ವಿಚ್ಚಿನದಿರಬಹುದು. ಇಂಥ ಗಾಡಿಗಳಲ್ಲಿ ಮೋಟಾರಿನ ಎರಡೂ ವೈರ್ ಸುಮ್ಮನಿದ್ದಾಗ ಅರ್ತ್‌ಗೆ ಕೂತಿರುತ್ತವೆ. ಒತ್ತಿದಾಗ ಒಂದಕ್ಕೆ 12 ವೋಲ್ಟ್ ಬರುತ್ತದೆ, ಇನ್ನೊಂದು ಮಾಸ್ಟರ್ ಸ್ವಿಚ್ ಮೂಲಕವೇ ಅರ್ತ್ ತಲುಪುತ್ತದೆ. ಆ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್ (ಒಂದಕ್ಕೊಂದು ತಾಗುವ ತಾಮ್ರದ ತುದಿ) ಕಪ್ಪಾದರೆ ಗಾಜು ಒಂದೇ ಕಡೆಗೆ ಓಡಬಹುದು: ಇಳಿಯುತ್ತದೆ, ಏರುವುದಿಲ್ಲ, ಇಲ್ಲವೇ ಅದರ ತಿರುವು. ಸ್ವಿಚ್ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ, ಸ್ಪ್ರಿಂಗ್ ಹಾರಿದರೆ ಹುಡುಕುವುದು ಕಷ್ಟ. 1000 ನಂಬರ್ ಎಮರಿ ಪೇಪರಿನಲ್ಲಿ ತಾಮ್ರ ಹೊಳೆಯುವಷ್ಟು ಮಾತ್ರ ತಿಕ್ಕಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ.

ಗಾಜು ಏರುವುದು ನಿಧಾನವಾಗಿದ್ದರೆ ಇಂಜಿನ್ ಓಡಿಸಿ, ಗಾಜು ಏರುತ್ತಿರುವಾಗಲೇ ಡೋರಿನೊಳಗಿನ ಮೋಟಾರ್ ಕಪ್ಲರಿನ (ವೈರ್ ಸಿಕ್ಕಿಸುವ ಪ್ಲಗ್; ಡೋರ್ ಬಿಚ್ಚುವ ಬಗೆ ಕೆಳಗಿದೆ) ಹಿಂಬದಿಯಿಂದ ಮೀಟರ್ ಹಚ್ಚಿ. 9 ವೋಲ್ಟಿನ ಸುತ್ತ ತೋರಿಸಿದರೆ ಸ್ವಿಚ್ಚು, ವೈರು, ಅರ್ತ್ ಪೈಕಿ ಒಂದು ಕರೆಂಟ್ ತಿನ್ನುತ್ತಿದೆ. 12 ದಾಟಿದರೂ ತೆವಳಿದರೆ ಚಾನಲ್, ಅಂದರೆ ಗಾಜು ಜಾರುವ ರಬ್ಬರ್ ಹಾದಿ, ನೋಡಿ. ಸಿಲ್ವರ್ ಓಕ್ ಎಲೆಯ ಚೂರು, ಕೆಂಪು ಮಣ್ಣು ಸೇರಿ ರಬ್ಬರಿನಲ್ಲಿ ಅಂಟಿನಂಥ ಕೆಸರು ಕಟ್ಟಿರುತ್ತದೆ. ಸಪೂರ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ತೆಗೆದು, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಇಂಜಿನ್ ಆಯಿಲ್ ಖಂಡಿತ ಬೇಡ. ರಬ್ಬರ್ ಉಬ್ಬಿ ಗಾಜನ್ನು ಇನ್ನಷ್ಟು ಹಿಡಿಯುತ್ತದೆ.

ಮೀಟರ್ ಹಚ್ಚಲು, ಅಥವಾ ಇಷ್ಟಾದ ಮೇಲೂ ಹಟ ಹಿಡಿದರೆ, ಡೋರ್ ಪ್ಯಾಡ್ (ಬಾಗಿಲ ಒಳಹೊದಿಕೆ) ಬಿಚ್ಚಿ. ಹಿಡಿಯ ಹಿಂದೆ, ಆರ್ಮ್‌ರೆಸ್ಟಿನ ಅಡಿ ಸ್ಕ್ರೂ ಅಡಗಿರುತ್ತವೆ. ಹಳೇ ಕ್ಲಿಪ್ ಮುರಿದೇ ಮುರಿಯುತ್ತವೆ, ಹತ್ತು ಹೆಚ್ಚಿಗೆ ತಂದಿಡಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ ಮತ್ತೆ ಅಂಟಿಸಿ. ಅದಿಲ್ಲದಿದ್ದರೆ ಡೋರಿನ ನೀರು ಸೀದಾ ಒಳಗೆ. ಡೋರ್ ತಳದ ತೂತುಗಳನ್ನೂ ಚುಚ್ಚಿ ಬಿಡಿಸಿ. ಕತ್ತರಿ ಮಾದರಿ ಗ್ಲಾಸ್ ಮಷಿನ್ನಿನಲ್ಲಿ ಬಿಗಿದ ಸ್ಪ್ರಿಂಗ್ ಇರುತ್ತದೆ. ಮೋಟಾರ್ ಕಳಚುವ ಮುನ್ನ ಹಲ್ಲಿನ ಪಟ್ಟಿಗೂ ತಗಡಿಗೂ ಸೇರಿಸಿ ಬೋಲ್ಟ್ ಹಾಕಿ ಬಂಧಿಸಿ, ಇಲ್ಲವಾದರೆ ತೋಳು ಚಿಮ್ಮಿ ಬೆರಳು ಹೋಗುತ್ತದೆ.

ದಾರಿ ಮಧ್ಯೆ, ಮಳೆಯಲ್ಲಿ ಗಾಜು ಕೆಳಗೇ ನಿಂತರೆ? ಒಬ್ಬರು ಏರಿಸುವ ಬಟನ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಪ್ಯಾಡಿನ ನಡುಭಾಗಕ್ಕೆ ಅಂಗೈಯಲ್ಲಿ ಬಡಿಯಲಿ. ಅಂಟಿದ ಬ್ರಶ್ ಬಿಟ್ಟುಕೊಂಡರೆ ಒಂದು ಸಲ ಏರುತ್ತದೆ. ಏರದಿದ್ದರೆ ಐದು ನಿಮಿಷ ಬಿಡಿ, ಬಿಸಿಯಾದ ಮೋಟಾರನ್ನು ಅದರೊಳಗಿನ ರಕ್ಷಣೆಯೇ ನಿಲ್ಲಿಸಿರಬಹುದು. ಮುಚ್ಚಿದ ಕೂಡಲೇ ಆ ಬಟನ್ ಮೇಲೆ ಟೇಪ್ ಹಚ್ಚಿ. ನಾಗರಹೊಳೆ ಕಾಡಿನ ಆನೆಚೌಕೂರು ಚೆಕ್‌ಪೋಸ್ಟಿನಲ್ಲಿ ಗಾಜು ಇಳಿಸಲು ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.