403ರಲ್ಲಿ 178 ಕಳೆದರೆ 325: ಎಲ್ಲಿಂದಲೋ ಬಂದ ನೂರು ರೂಪಾಯಿ

ಕಳೆದ ಆರು ವಾರಗಳಿಂದ ನಮ್ಮ ಮನೆಯ ಗಣಿತ ಒಂದೇ ಲೆಕ್ಕದ ಮುಂದೆ ನಿಂತುಬಿಟ್ಟಿತ್ತು. ಎಂಟು ವರ್ಷದ ಮಗಳು ಆಟದಲ್ಲಿ ನೋಟುಗಳನ್ನು ಎಣಿಸಿ ಸರಿಯಾದ ಉತ್ತರ ಹೇಳುತ್ತಿದ್ದಳು. ಅದೇ ಲೆಕ್ಕವನ್ನು ಸ್ಲೇಟಿನ ಮೇಲೆ ಬರೆಸಿದರೆ ನೂರು ಹೆಚ್ಚು ಬರುತ್ತಿತ್ತು. ಮೊನ್ನೆ ಗುರುವಾರ ಗಂಟು ಬಿಚ್ಚಿತು. ಬಿಚ್ಚಿದವರು ನಮ್ಮ ಅತ್ತೆ, ಗಂಟು ಹಾಕಿದವಳು ನಾನು.

ಬಿಡಿ-ಹತ್ತುಗಳ ಪರಿಚಯ, ನೂರು ಮಣಿಗಳ ಗಣಿತಮಾಲೆ, ಹಾವು-ಏಣಿಯಲ್ಲಿ ಕೂಡುವುದು, ಎರಡಂಕಿಯ ದಶಕ ಸಹಿತ ವ್ಯವಕಲನ (ಪಕ್ಕದ ಸ್ಥಾನದಿಂದ ‘ಸಾಲ’ ತಂದು ಕಳೆಯುವುದು) ಇವೆಲ್ಲ ಮನೆಯಲ್ಲಿ ಕಲಿಸುವವರಿಗೆ ಗೊತ್ತಿರುವ ದಾರಿಯೇ ಆದ್ದರಿಂದ ಅವನ್ನು ಬಿಟ್ಟು ಮುಂದೆ ಹೋಗುತ್ತೇನೆ. ನಮ್ಮ ಬಂಡಿ ಸಿಕ್ಕಿಹಾಕಿಕೊಂಡದ್ದು ಹತ್ತರ ಸ್ಥಾನದಲ್ಲಿ ಸೊನ್ನೆಯಿರುವ ಲೆಕ್ಕದಲ್ಲಿ. 403ರಲ್ಲಿ 178 ಕಳೆಯಬೇಕು. ಮೊದಮೊದಲು ಅವಳು ಬರೆದ ಉತ್ತರ 375. ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದನ್ನು ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಬರುವ ಉತ್ತರವದು. ಎರಡು ವಾರದ ಆಟದ ಬಳಿಕ ಅದು ಹೋಯಿತು, ಅದರ ಜಾಗಕ್ಕೆ 325 ಬಂತು. ಸರಿಯಾದ ಉತ್ತರ 225. ಸೊನ್ನೆಯನ್ನು ಹೊಡೆದು 9 ಮಾಡುತ್ತಾಳೆ, 3ನ್ನು 13 ಮಾಡುತ್ತಾಳೆ, ಆದರೆ ನೂರರ ಸ್ಥಾನದ 4ನ್ನು ಮುಟ್ಟುವುದೇ ಇಲ್ಲ. ಒಂದೆರಡು ಸಲವಲ್ಲ, ಹತ್ತು ಲೆಕ್ಕ ಕೊಟ್ಟರೆ ಹತ್ತರಲ್ಲೂ ಇದೇ ತಪ್ಪು.

ಇಂಥ ತಪ್ಪುಗಳು ಅಜಾಗರೂಕತೆಯಿಂದ ಬರುವವಲ್ಲ, ಮಗು ತನ್ನದೇ ಒಂದು ನಿಯಮವನ್ನು ಕಟ್ಟಿಕೊಂಡು ಅದನ್ನು ನಿಷ್ಠೆಯಿಂದ ಪಾಲಿಸುವುದರಿಂದ ಬರುತ್ತವೆ ಎಂಬುದನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ವಿವರವಾಗಿ ತೋರಿಸಿದ್ದಾರೆ. ಕಂಪ್ಯೂಟರ್ ಪ್ರೋಗ್ರಾಮಿನ ದೋಷಕ್ಕೆ ಬಳಸುವ ‘ಬಗ್’ ಎಂಬ ಹೆಸರನ್ನೇ ಅವರು ಇವಕ್ಕೂ ಕೊಟ್ಟರು. ಸೊನ್ನೆಯಿಂದ ಸಾಲ ತರುವಾಗ ಆಗುವ ತಪ್ಪು ಅವುಗಳಲ್ಲಿ ಹೆಸರಾಂತದ್ದು. ತಪ್ಪಿಗೆ ಹೆಸರಿದೆಯೆಂದು ತಿಳಿದಾಗ ನನಗೆ ಸಮಾಧಾನವಾಯಿತೇ ಹೊರತು ಮಗಳ ಸ್ಲೇಟಿನಲ್ಲಿ ಏನೂ ಬದಲಾಗಲಿಲ್ಲ.

ಸಾಮಗ್ರಿಯ ಪುರಾಣವನ್ನು ಇಲ್ಲಿ ಹೇಳಿಕೊಳ್ಳಲೇಬೇಕು. ಮೊದಲ ಪ್ರಯೋಗದಲ್ಲಿ ಬಿಡಿಗಳಿಗೆ ಮಂಡಕ್ಕಿ ಬಳಸಿದೆ. ದಾವಣಗೆರೆಯಲ್ಲಿ ಅದಕ್ಕಿಂತ ಅಗ್ಗದ ಸಾಮಗ್ರಿ ಯಾವುದಿದೆ? ಮೂರನೆಯ ಲೆಕ್ಕಕ್ಕೆ ಬರುವ ಹೊತ್ತಿಗೆ ಬಂಡವಾಳವೇ ಕರಗಿತ್ತು, ಕೊನೆಯ ಮುಷ್ಟಿಗೆ ಯಾರೋ ಖಾರವನ್ನೂ ಕಲಸಿದ್ದರು. ಬಳಿಕ ಆನ್‌ಲೈನಿನಲ್ಲಿ ಡೀನ್ಸ್ ಬ್ಲಾಕುಗಳನ್ನು ತರಿಸಿದೆ. ಹಂಗೇರಿಯ ಗಣಿತಜ್ಞ ಜೋಲ್ಟಾನ್ ಡೀನ್ಸ್ ಹೆಸರಿನಿಂದ ಜಗತ್ತಿಗೆಲ್ಲ ಪರಿಚಿತವಾದ ಈ ಸಾಧನದ ಜೀವವಿರುವುದೇ ಹತ್ತು ಬಿಡಿ ಘನಗಳನ್ನು ಸಾಲಾಗಿಟ್ಟರೆ ಒಂದು ಹತ್ತರ ಕೋಲಿಗೆ ಸರಿಯಾಗಬೇಕು ಎಂಬಲ್ಲಿ. ನನಗೆ ಬಂದ ಪೆಟ್ಟಿಗೆಯಲ್ಲಿ ಹತ್ತು ಘನಗಳನ್ನು ಜೋಡಿಸಿದರೆ ಕೋಲು ಅರ್ಧ ಘನದಷ್ಟು ಕುಳ್ಳಗಿತ್ತು. ಮಗಳು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ‘ಅಮ್ಮ, ಇದು ಒಂಬತ್ತೂವರೆ’ ಎಂದಳು. ಮಾರಿದವರಿಗೆ ಬರೆದರೆ ಆಟಿಕೆಯಲ್ಲಿ ಅಷ್ಟು ವ್ಯತ್ಯಾಸ ಸಹಜ ಎಂಬ ಉತ್ತರ ಬಂತು. ಅಕ್ಕಿಯಂಗಡಿಯ ತಕ್ಕಡಿಯ ಬಗ್ಗೆ ಯಾರಾದರೂ ಹೀಗೆ ಹೇಳಿದ್ದರೆ ಊರೆಲ್ಲ ಸೇರುತ್ತಿತ್ತು.

ಕೊನೆಗೆ ಆಟದ ನೋಟುಗಳೇ ಗತಿ ಎಂದುಕೊಂಡರೆ, ಪೇಟೆಯಲ್ಲಿ ಸಿಗುವ ಪೊಟ್ಟಣಗಳಲ್ಲಿ ಐನೂರು, ಇನ್ನೂರು, ಐವತ್ತು, ಇಪ್ಪತ್ತು ಹೇರಳವಾಗಿರುತ್ತವೆ, ಒಂದು ರೂಪಾಯಿಯ ನೋಟು ಮಾತ್ರ ಇರುವುದಿಲ್ಲ. ನಮಗೆ ಬೇಕಾದದ್ದು ನೂರು, ಹತ್ತು, ಒಂದು ಈ ಮೂರೇ. ಇಬ್ಬರ ಆಟಕ್ಕೆ ನೂರರವು 20, ಹತ್ತರವು 30, ಒಂದರವು 30 ಇದ್ದರೆ ಚಿಲ್ಲರೆಗೆ ಎಂದೂ ಕೊರತೆಯಾಗುವುದಿಲ್ಲ. ಒಟ್ಟು ಮೊತ್ತ 2330. ರಟ್ಟಿನ ಕಾಗದದ ಮೇಲೆ ಮುದ್ರಿಸಿ ಕತ್ತರಿಸಲು 85 ರೂಪಾಯಿ, ಇಸ್ಪೀಟು ಕಟ್ಟಿಗೆ 40, ಗ್ರಂಥಿಗೆ ಅಂಗಡಿಯ ನಾಲ್ಕು ಕವಡೆಗೆ 30, ಹೀಗೆ 155 ರೂಪಾಯಿಯಲ್ಲಿ ಆಟ ಸಿದ್ಧವಾಯಿತು. ಒಂಬತ್ತೂವರೆಯ ಬ್ಲಾಕುಗಳ ಬೆಲೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಆಟ ಸರಳವಾದದ್ದು. ಪ್ರತಿಯೊಬ್ಬರದೂ 903 ರೂಪಾಯಿ ಬಂಡವಾಳದ ಒಂದು ಅಂಗಡಿ. ಇಸ್ಪೀಟಿನಲ್ಲಿ ಎಕ್ಕದಿಂದ ಒಂಬತ್ತರವರೆಗಿನ 36 ಎಲೆಗಳನ್ನು ಮಾತ್ರ ಇಟ್ಟುಕೊಂಡು, ಎರಡು ಎಲೆ ಎತ್ತಿ, ಮೊದಲನೆಯದನ್ನು ಹತ್ತರ ಸ್ಥಾನಕ್ಕೂ ಎರಡನೆಯದನ್ನು ಬಿಡಿಸ್ಥಾನಕ್ಕೂ ಇಟ್ಟು, ಬಂದ ಸಂಖ್ಯೆಯಷ್ಟು ಖರ್ಚು ಮಾಡಬೇಕು. ಯಾರ ನೂರುಗಳು ಮೊದಲು ಮುಗಿಯುತ್ತವೆಯೋ ಅವರ ಅಂಗಡಿಗೆ ಬೀಗ. ಮೊದಲು ಕವಡೆಯಿಂದಲೇ ಖರ್ಚನ್ನು ನಿರ್ಧರಿಸಲು ಹೋಗಿ ಕೈ ಸುಟ್ಟುಕೊಂಡಿದ್ದೆ. ಚೌಕಾಬಾರದ ಲೆಕ್ಕದಲ್ಲಿ ನಾಲ್ಕು ಕವಡೆ ಹಾಕಿದರೆ ಒಂದರಿಂದ ನಾಲ್ಕರವರೆಗೆ, ಎಲ್ಲ ಬೋರಲು ಬಿದ್ದರೆ ಎಂಟು. ಸರಾಸರಿ ಬರುವುದು ಎರಡೂವರೆ. ಆ ವೇಗದಲ್ಲಿ 903 ಖರ್ಚಾಗಲು ಮುನ್ನೂರ ಅರವತ್ತು ಸಲ ಕವಡೆ ಎಸೆಯಬೇಕಾಗುತ್ತಿತ್ತು. ಎರಡು ಎಲೆಗಳ ಸರಾಸರಿಯಾದರೆ 55.

ಆದರೆ ಈ ಆಟದಲ್ಲಿ ಹತ್ತರ ಸ್ಥಾನಕ್ಕೆ ಸೊನ್ನೆ ಬರುವುದೇ ಅಪರೂಪ. ಸುಮಾರು ಹತ್ತು ಸರದಿಗೆ ಒಮ್ಮೆ. ಕಲಿಯಬೇಕಾದದ್ದೇ ಬರದಿದ್ದರೆ ಆಟವಾಡಿ ಏನು ಫಲವೆಂದು ನಾನು ‘ದಶಕ ಕಂದಾಯ’ ಎಂಬ ನಿಯಮವನ್ನು ತಂದೆ: ಸರದಿ ಮುಗಿದ ಮೇಲೆ ಕೈಯಲ್ಲಿರುವ ಹತ್ತರ ನೋಟುಗಳನ್ನೆಲ್ಲ ಕಂದಾಯವಾಗಿ ಕಟ್ಟಬೇಕು. 903ರಲ್ಲಿ 47 ಖರ್ಚಾದರೆ 856, ಐದು ಹತ್ತು ಕಂದಾಯಕ್ಕೆ ಹೋದರೆ 806, ಮತ್ತೆ ಸೊನ್ನೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮೂರನೆಯ ಆಟದ ಕೊನೆಗೆ ಮಗಳು ಎಲೆಗಳನ್ನು ಕೆಳಗಿಟ್ಟು, ಇಬ್ಬರೂ ಯಾವಾಗಲೂ ಒಟ್ಟಿಗೇ ಯಾಕೆ ಮುಗಿಸುತ್ತೇವೆ ಎಂದು ಕೇಳಿದಳು. ಕಾಗದ ತೆಗೆದುಕೊಂಡು ನೋಡಿದರೆ ನಿಜ. ಹತ್ತರ ಸ್ಥಾನ ಸೊನ್ನೆಯಾಗಿರುವ ಸಂಖ್ಯೆಯಿಂದ 11ರಿಂದ 99ರವರೆಗೆ ಏನನ್ನೇ ಕಳೆದರೂ ನೂರರ ಅಂಕಿ ಸರಿಯಾಗಿ ಒಂದೇ ಇಳಿಯುತ್ತದೆ. ಯಾವ ಎಲೆ ಬಂದರೂ ಫಲಿತಾಂಶ ಮೊದಲೇ ತೀರ್ಮಾನವಾಗಿರುವ ಆಟವನ್ನು ನಾನು ಎರಡು ಸಂಜೆ ಮಗುವಿಗೆ ಆಡಿಸಿದ್ದೆ!

ಪರಿಹಾರ ಕವಡೆಯಿಂದಲೇ ಬಂತು. ಸರದಿಯ ಕೊನೆಗೆ ನಾಲ್ಕು ಕವಡೆ ಹಾಕಬೇಕು. ಅಂಗಾತ ಬಿದ್ದವು ಬೆಸ ಸಂಖ್ಯೆಯಲ್ಲಿದ್ದರೆ ಕಂದಾಯ, ಸಮವಿದ್ದರೆ ಇಲ್ಲ. ನಮ್ಮ ಕವಡೆಗಳಲ್ಲಿ ಒಂದು ನೂರು ಸಲ ಹಾಕಿದರೆ 71 ಸಲ ಅಂಗಾತ ಬೀಳುವ ಮೋಸಗಾರ. ಆದರೂ ಚಿಂತೆಯಿಲ್ಲ, ನಾಲ್ಕರಲ್ಲಿ ಒಂದೇ ಒಂದು ಕವಡೆ ನ್ಯಾಯವಾಗಿದ್ದರೂ ಸಾಕು, ಉಳಿದವು ಎಷ್ಟೇ ವಾಲಿದರೂ ಬೆಸ-ಸಮಗಳ ಸಾಧ್ಯತೆ ಅರ್ಧರ್ಧವಾಗಿಯೇ ಇರುತ್ತದೆ. ಇದರಿಂದ ಆಟಕ್ಕೆ ಸೋಲು-ಗೆಲುವು ಮರಳಿ ಬಂತು, ಅರ್ಧದಷ್ಟು ಸರದಿಗಳಿಗೆ ಸೊನ್ನೆಯೂ ಸಿಕ್ಕಿತು.

ಇಷ್ಟಾದರೂ ಸ್ಲೇಟಿನಲ್ಲಿ 325 ಹೋಗಲಿಲ್ಲ. ನೋಟುಗಳನ್ನಿಟ್ಟ ತಟ್ಟೆಯಲ್ಲಿ ಸರಿ, ಸ್ಲೇಟಿನಲ್ಲಿ ತಪ್ಪು. ನಾಲ್ಕನೆಯ ವಾರ ನಾನು ದನಿ ಏರಿಸಿದೆ, ಐದನೆಯ ವಾರ ಕ್ಷಮೆ ಕೇಳಿದೆ, ಆರನೆಯ ವಾರ ಆಟದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವ ಯೋಚನೆಯಲ್ಲಿದ್ದೆ. ಗುರುವಾರ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತ ನಮ್ಮ ಆಟವನ್ನು ನೋಡುತ್ತಿದ್ದರು. ಮಾವನವರ ಜೊತೆ ಮಂಡಿಪೇಟೆಯ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ವರ್ಷಗಟ್ಟಲೆ ಕುಳಿತವರು. ಸ್ವಲ್ಪ ಹೊತ್ತು ನೋಡಿ, ‘ಅಂಗಡ್ಯಾಗೆ ಯಾರಾದ್ರೂ ಹಿಂಗೆ ಮಾಡ್ತಾರೇನೆ? ನೋಟು ಅವರ ಕೈಯಾಗಿಂದ ಬರಬೇಕು. ನೀನೇ ಹೋಗಿ ಅದರ ತಟ್ಟೆಯಾಗೆ ಕೈ ಹಾಕ್ತೀಯಲ್ಲ’ ಎಂದರು.

ಆಗ ನನ್ನ ಕೈಯನ್ನು ನಾನು ನೋಡಿಕೊಂಡೆ. ಆಟದಲ್ಲಿ ನೋಟಿಗೆ ಚಿಲ್ಲರೆ ಕೊಡುವ ಬ್ಯಾಂಕು ನಾನೇ. ಬೇಗ ಮುಗಿಯಲೆಂದು ನಾನು ಎಡಗೈಯಿಂದ ಅವಳ ತಟ್ಟೆಯ ನೂರರ ನೋಟೊಂದನ್ನು ಎತ್ತಿಕೊಂಡು, ಬಲಗೈಯಿಂದ ಒಂಬತ್ತು ಹತ್ತರ ನೋಟು ಮತ್ತು ಹತ್ತು ಬಿಡಿ ನೋಟುಗಳನ್ನು ಒಮ್ಮೆಲೇ ಇಟ್ಟುಬಿಡುತ್ತಿದ್ದೆ. ನೂರನ್ನು ಕೊಡುವ ಕೆಲಸವನ್ನು ಅವಳ ಕೈ ಒಮ್ಮೆಯೂ ಮಾಡಿರಲಿಲ್ಲ. ಅವಳು ಕಂಡದ್ದು ಖಾಲಿ ಜಾಗಕ್ಕೆ ಒಂಬತ್ತು ಬಂದದ್ದು, ಬಿಡಿಗೆ ಹತ್ತು ಸೇರಿದ್ದು, ಅಷ್ಟೇ. ಸ್ಲೇಟಿನಲ್ಲಿ ಅದನ್ನೇ ಬರೆದಳು: ಸೊನ್ನೆ ಒಂಬತ್ತಾಯಿತು, ಮೂರು ಹದಿಮೂರಾಯಿತು, ನಾಲ್ಕು ನಾಲ್ಕಾಗಿಯೇ ಉಳಿಯಿತು.

ಅಂದೇ ನಿಯಮಗಳನ್ನು ಬದಲಿಸಿದೆವು. ಬ್ಯಾಂಕಿನವರು ಗಿರಾಕಿಯ ತಟ್ಟೆಯನ್ನು ಮುಟ್ಟುವಂತಿಲ್ಲ. ಗಿರಾಕಿ ನೋಟನ್ನು ಮಣೆಯ ಮೇಲೆ ಇಟ್ಟ ಮೇಲೆಯೇ ಚಿಲ್ಲರೆ. ನೂರಕ್ಕೆ ಸಿಗುವುದು ಹತ್ತು ಹತ್ತರ ನೋಟುಗಳು ಮಾತ್ರ; ಬಿಡಿ ಬೇಕಾದರೆ ಅದರಲ್ಲೊಂದನ್ನು ಹಿಡಿದು ಮತ್ತೆ ಮಣೆಗೆ ಬರಬೇಕು. ಪ್ರತಿ ಸಲ ಚಿಲ್ಲರೆ ಪಡೆದ ಕೂಡಲೇ, ಏನನ್ನೂ ಕಳೆಯುವ ಮೊದಲು, ಸ್ಲೇಟಿನಲ್ಲಿ ಗುರುತು ಹಾಕಬೇಕು: ಮೊದಲು 4 ಹೋಗಿ 3, ಸೊನ್ನೆಯ ಮೇಲೆ 10, ಆಮೇಲೆ 10 ಹೋಗಿ 9, ಮೂರರ ಮೇಲೆ 13. ಮುನ್ನೂರು, ತೊಂಬತ್ತು, ಹದಿಮೂರು ಕೂಡಿದರೆ ಇನ್ನೂ 403 ಆಗುತ್ತದೆಯೇ ಎಂದು ಅವಳೇ ನೋಡಬೇಕು. ಆಟದ ಕೊನೆಗೆ ಸ್ಲೇಟಿನಲ್ಲಿ ಇಬ್ಬರ ಹೆಸರಿನಲ್ಲಿರುವ ಬಾಕಿಯೂ ಬ್ಯಾಂಕಿನ ಪೆಟ್ಟಿಗೆಯೂ ಸೇರಿ 2330 ಬರಬೇಕು.

‘ಸಾಲ’ ಎಂಬ ಮಾತನ್ನೂ ಕೈಬಿಟ್ಟೆ. ಪಕ್ಕದ ಮನೆಯಿಂದ ಸಾಲ ತರುವುದೆಂದು ನನಗೆ ಶಾಲೆಯಲ್ಲಿ ಕಲಿಸಿದ್ದನ್ನೇ ನಾನೂ ಹೇಳಿಕೊಟ್ಟಿದ್ದೆ. ಆ ಸಾಲವನ್ನು ಯಾವಾಗ ತೀರಿಸುವುದು ಎಂದು ಮಗಳು ಒಮ್ಮೆ ಕೇಳಿದ್ದಳು, ನನ್ನಲ್ಲಿ ಉತ್ತರವಿರಲಿಲ್ಲ. ಚಿಲ್ಲರೆ ಎಂದರೆ ಆ ತೊಡಕಿಲ್ಲ. ನೂರು ಕೊಟ್ಟು ನೂರನ್ನೇ ಪಡೆದದ್ದು.

ಶುಕ್ರವಾರ ಹೊಸ ನಿಯಮದ ಮೊದಲ ಆಟದಲ್ಲೇ ಪೆಟ್ಟಿಗೆಯ ಲೆಕ್ಕ 2430 ಬಂತು. ನಾನು ಬಾಯಿ ಬಿಡಲಿಲ್ಲ. ಅವಳು ನೋಟುಗಳನ್ನು ಎರಡು ಸಲ ಎಣಿಸಿ, ಸ್ಲೇಟಿನ ಮೇಲೆ ಬೆರಳಿಟ್ಟುಕೊಂಡು ಹಿಂದಕ್ಕೆ ಹೋಗಿ, ಹೊಡೆಯದೆ ಬಿಟ್ಟಿದ್ದ 7ರ ಮೇಲೆ ನಿಂತಳು. ‘ಇಲ್ಲೈತಿ ನೋಡು ಆ ನೂರು!’ ಎಂಬ ಕೂಗಿಗೆ ಅತ್ತೆ ಒಳಗಿನಿಂದ ಬಂದರು.

ನಡುವೆ ಇನ್ನೊಂದು ಯೋಜನೆ ತಲೆಗೆ ಹೊಕ್ಕಿದೆ. ಅತ್ತೆಯ ತವರಿನಿಂದ ಬಂದ ಅಳಗುಳಿ ಮಣೆಯೊಂದು ಮಂಚದ ಕೆಳಗಿದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಕೈಯಲ್ಲಿ 17 ಹುಣಸೆ ಬೀಜ ಹಿಡಿದು ಗುಳಿಗೊಂದರಂತೆ ಎಲ್ಲ 14 ಗುಳಿಗಳಿಗೂ ಹಾಕುತ್ತ ಸುತ್ತಿದರೆ ಒಂದು ಸುತ್ತು ಮುಗಿದು ಮೂರು ಉಳಿಯುತ್ತವೆ. ಶೇಷವಿರುವ ಭಾಗಾಕಾರಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಬೇಕೇ? ಅಂದಕ್ಕೆ ಗುಲಗಂಜಿ ಹಾಕಬಹುದಿತ್ತು, ಆದರೆ ಅದರ ಬೀಜ ವಿಷ. ಎರಡು ವರ್ಷದ ಮಗನಿಗೆ ಸಿಕ್ಕಿದ್ದೆಲ್ಲ ಬಾಯಿಗೇ ಹೋಗುತ್ತದೆ. ಅದು ದೀಪಾವಳಿಯ ನಂತರದ ಮಾತು.

ಇಂದು ಬೆಳಿಗ್ಗೆ ನೋಟುಗಳಿಲ್ಲದೆ ಸ್ಲೇಟಿನಲ್ಲೇ ಐದು ಲೆಕ್ಕ ಕೊಟ್ಟೆ. ಆಟದಲ್ಲಿ ಸಾವಿರದ ನೋಟೇ ಇಲ್ಲದಿದ್ದರೂ 1002ರಲ್ಲಿ 347 ಕಳೆದು 655 ಎಂದು ತಾನಾಗಿಯೇ ಬರೆದಳು. ನಾಲ್ಕು ಸರಿ. ಐದನೆಯದು 600ರಲ್ಲಿ 254. ಅವಳ ಉತ್ತರ 356. ಆರನ್ನು ಐದು ಮಾಡಿದ್ದಾಳೆ, ಸೊನ್ನೆಯ ಮೇಲೆ 10 ಬರೆದಿದ್ದಾಳೆ, ಬಿಡಿಗೆ ಚಿಲ್ಲರೆ ತಂದ ಮೇಲೆ ಆ 10ನ್ನು 9 ಮಾಡಲು ಮರೆತಿದ್ದಾಳೆ. ಕಳ್ಳತನ ನೂರರಿಂದ ಹತ್ತಕ್ಕೆ ಇಳಿದಿದೆ. ಸಂಜೆ ಬ್ಯಾಂಕಿನ ಮಣೆಗೆ ಅತ್ತೆಯನ್ನು ಕೂರಿಸುತ್ತೇನೆ.